ಒಳಗಿನ ಪೆಟ್ಟಿಗೆಯ ಹಿಡಿ

ಆಕೆಗೆ ಕವರಕ್ಕ ಎಂದು ಹೆಸರಿಟ್ಟವರು ಆಫೀಸಿನವರು, ಇಟ್ಟದ್ದು ಸುಮ್ಮನೆ ಅಲ್ಲ. ಅವಳ ಮನೆಯಲ್ಲಿ ಟಿವಿ ರಿಮೋಟಿಗೆ ಪ್ಲಾಸ್ಟಿಕ್ ಕವರು, ಮಿಕ್ಸಿಗೆ ಬಟ್ಟೆಯ ಕವರು, ಯಾರೂ ಕೂರದ ಮೂಲೆಯ ಕುರ್ಚಿಗೆ ಅಂಚು ಹೊಲಿದ ಕವರು. ಆಫೀಸಿಗೆ ಸೇರಿದ ಮೊದಲ ವಾರವೇ ಕೀಬೋರ್ಡಿಗೂ ಒಂದು ತೊಡಿಸಿದ್ದಳು. "ಮನೇಲಿ ಸ್ವಲ್ಪ ಹೊತ್ತು ಅಲ್ಲಾಡದೆ ಕೂತ್ರೆ ನನಗೂ ಅಳತೆ ತಗೊಳ್ತಾಳೆ" ಎಂದು ಗಂಡ ಒಂದು ಕಾಲದಲ್ಲಿ ನೆಂಟರನ್ನು ನಗಿಸುತ್ತಿದ್ದ.

ಇಬ್ಬರಿಗೂ ಪರಿಚಯವಾದದ್ದು ಒಂದು ಮುದ್ರಣಾಲಯದಲ್ಲಿ. ಅವಳು ಒಳಕೋಣೆಯಲ್ಲಿ ಕಂಪ್ಯೂಟರಿನ ಮುಂದೆ ಕೂತು ಕರಪತ್ರ, ಬಿಲ್ಲುಪುಸ್ತಕಗಳ ಪುಟ ಜೋಡಿಸುತ್ತಿದ್ದಳು. ಅವನು ಹೊರಗಿನ ಹಾಲಿನಲ್ಲಿ ಆಫ್‌ಸೆಟ್ ಮಷೀನು ಓಡಿಸುತ್ತಿದ್ದ. ಅವನ ಬಾಯಿಗೆ ಹೆದರದವರು ಅಲ್ಲಿ ಯಾರೂ ಇರಲಿಲ್ಲ. ಸಾಸಿವೆ ಕಾಳಿನಷ್ಟು ಮಸಿ ಹೆಚ್ಚು ಬಿದ್ದರೂ ಮಷೀನು ನಿಲ್ಲಿಸಿ, ಹಾಳೆ ಹಿಡಿದು ಒಳಕೋಣೆಗೆ ಬಂದು ರೇಗಾಡುತ್ತಿದ್ದ. ಆ ಹಾಳೆ ಎಷ್ಟೋ ಸಲ ಇವಳದೇ ಆಗಿರುತ್ತಿತ್ತು. ಹಾಗೆ ಜಗಳದಲ್ಲಿ ಶುರುವಾದದ್ದು ಮದುವೆಯಲ್ಲಿ ಮುಗಿಯಿತು. ಮದುವೆಯಲ್ಲೂ ಮುಗಿಯಲಿಲ್ಲ ಎನ್ನುವವರೂ ಇದ್ದರು.

ಆಮೇಲೆ ಅವನ ಕಣ್ಣು ಹೋಯಿತು. ಒಂದೇ ಏಟಿಗೆ ಅಲ್ಲ. ಸುತ್ತಲಿಂದ ಮುಚ್ಚುತ್ತ ಬಂದು, ಕೊಳವೆಯಲ್ಲಿ ನೋಡಿದಂತಾಗಿ, ಕೊನೆಗೆ ಆ ಕೊಳವೆಯೂ ಕಟ್ಟಿತು. ಮುದ್ರಣಾಲಯವೂ ಬಾಗಿಲು ಹಾಕಿತು. ಕವರಕ್ಕ ನಲವತ್ತರ ಹತ್ತಿರ ಹತ್ತಿರದಲ್ಲಿ, ತನ್ನ ಅರ್ಧ ವಯಸ್ಸಿನವರ ಪಕ್ಕ ಕೂತು, ವೆಬ್ ಪೇಜು ಬರೆಯುವುದನ್ನು ಕಲಿತು ಸಂಸಾರ ನಡೆಸಿದಳು. ಕಣ್ಣು ಹೋದದ್ದಕ್ಕಿಂತ ಅವಳನ್ನು ಹೆದರಿಸಿದ್ದು ಇನ್ನೊಂದಿತ್ತು. ಗಂಡನ ಬಾಯಿ ಹೋಗಿತ್ತು. ಟೀಗೆ ಸಕ್ಕರೆ ಮರೆತರೂ ಪರವಾಗಿಲ್ಲ, ಷರಟಿನ ಗುಂಡಿ ಕಿತ್ತಿದ್ದರೂ ಪರವಾಗಿಲ್ಲ, ಡಾಕ್ಟರು ಅರ್ಧ ದಿನ ಕಾಯಿಸಿ ನಾಳೆ ಬಾ ಎಂದರೂ ಪರವಾಗಿಲ್ಲ. ಹೆಂಡತಿಯ ದುಡಿಮೆಯಲ್ಲಿ ಉಣ್ಣುವವನಿಗೆ ದೂರುವ ಹಕ್ಕಿಲ್ಲ ಎಂದು ಅವನು ತನಗೆ ತಾನೇ ತೀರ್ಪು ಬರೆದುಕೊಂಡಿದ್ದ. ಆ ತೀರ್ಪಿನ ಮೇಲೆ ಮೇಲ್ಮನವಿಗೂ ಅವನು ಯಾರಿಗೂ ಅವಕಾಶ ಕೊಟ್ಟಿರಲಿಲ್ಲ.

ಭಾನುವಾರ ಬೆಳಿಗ್ಗೆ ಮಾತ್ರ ಹಳೆಯ ಮನುಷ್ಯ ಹೊರಗೆ ಬರುತ್ತಿದ್ದ. ಕವರಕ್ಕ ವಾರವೆಲ್ಲ ಬರೆದ ಪೇಜನ್ನು ಲ್ಯಾಪ್‌ಟಾಪಿನಲ್ಲಿ ತೆರೆದು ಅವನ ಮುಂದಿಟ್ಟು, ಮೌಸನ್ನು ಎತ್ತಿಟ್ಟುಬಿಡುತ್ತಿದ್ದಳು. ಅವನು ಕಿವಿಗೆ ಹೆಡ್‌ಫೋನು ಹಾಕಿಕೊಂಡು, ಪರದೆ ಓದಿ ಹೇಳುವ ತಂತ್ರಾಂಶದ ಗಡಿಬಿಡಿ ದನಿಯನ್ನು ಕೇಳುತ್ತ, ಬರೀ ಕೀಬೋರ್ಡಿನ ಕೀಲಿಗಳಿಂದ ಪೇಜನ್ನೆಲ್ಲ ತಡಕುತ್ತಿದ್ದ. ಎರಡು ನಿಮಿಷಕ್ಕೆ ಹುಬ್ಬು ಗಂಟಾಗುತ್ತಿತ್ತು. "ಇಲ್ಲಿ ಹಿಡಿ ತಪ್ಪಿದೆ. ಕೀಲಿ ಒತ್ತಿದ್ರೆ ಮೂಕಾಗ್ತದೆ. ಯಾರಿಗೆ ತೋರಿಸೋಕೆ ಮಾಡಿದೀಯಾ ಇದನ್ನ?" ಎಂದು ಶುರುಮಾಡುತ್ತಿದ್ದ. ಅವಳು ಬೈಸಿಕೊಳ್ಳುತ್ತ ಬೈಸಿಕೊಳ್ಳುತ್ತ ಖುಷಿಯಾಗಿ ತಿದ್ದುತ್ತಿದ್ದಳು.

ಹಿಡಿ ಎಂದರೇನೆಂದು ಇಲ್ಲೇ ಹೇಳಿಬಿಡಬೇಕು, ಇಲ್ಲದಿದ್ದರೆ ಮುಂದಿನದು ತಿಳಿಯುವುದಿಲ್ಲ. ವೆಬ್ ಪೇಜು ಎಂದರೆ ಬಿಡಿ ತುಂಡುಗಳ ಜೋಡಣೆ. ಬರೆಯುವ ಪೆಟ್ಟಿಗೆ ಒಂದು ತುಂಡು, ಒತ್ತುವ ಗುಂಡಿ ಒಂದು ತುಂಡು. ಹಳೆಯ ಪೆಟ್ಟಿಗೆ ಸರಿಯಾಗಿ ಕೆಲಸ ಮಾಡುತ್ತಿದ್ದರೆ ಅದನ್ನು ಯಾರೂ ಒಡೆಯುವುದಿಲ್ಲ. ಅದರ ಸುತ್ತ ಇನ್ನೊಂದು ತುಂಡು ಬರೆದು, ಹಳೆಯದನ್ನು ಒಳಗೆ ಕೂರಿಸಿ, ಹೊರಗೆ ಬಣ್ಣ, ಅಂಚು ಹಚ್ಚುತ್ತಾರೆ. ಹೊಟ್ಟೆಪಾಡೂ ಕವರು ಹಾಕುವುದೇ ಆದದ್ದು ನಮ್ಮ ಕವರಕ್ಕನ ಹಣೆಬರಹ. ಆದರೆ ಪೇಜು ಆಗಾಗ ಒಳಗಿನ ಪೆಟ್ಟಿಗೆಯನ್ನೇ ಕೂಗಿ, ಕರ್ಸರನ್ನು ಅದರೊಳಗೆ ಕೂರಿಸಬೇಕಾಗುತ್ತದೆ. ಹಾಗೆ ಕೂಗಲು ಬೇಕಾದ ಹಿಡಿಗೆ ಆ ಕಸುಬಿನವರು ರೆಫ್ ಎನ್ನುತ್ತಾರೆ. ಕವರು ಆ ಹಿಡಿಯನ್ನು ತಾನಿಟ್ಟುಕೊಳ್ಳದೆ ಒಳಕ್ಕೆ ದಾಟಿಸಬೇಕು. ದಾಟಿಸದಿದ್ದರೆ ಪೇಜು ಕೂಗಿದ್ದು ಕವರಿನಲ್ಲೇ ನಿಲ್ಲುತ್ತದೆ. ಕಣ್ಣಿರುವವರು ಮೌಸಿನಿಂದ ಪೆಟ್ಟಿಗೆಯ ಮೇಲೆ ಒತ್ತಿ ತಮ್ಮ ಪಾಡಿಗೆ ಮುಂದೆ ಹೋಗುತ್ತಾರೆ, ಅವರಿಗೆ ಏನೂ ಗೊತ್ತಾಗುವುದಿಲ್ಲ. ಕೀಲಿಗಳನ್ನೇ ನಂಬಿದವನ ಕಿವಿಗೆ ಮಾತ್ರ ಏನೂ ಕೇಳಿಸದೆ ಹೋಗುತ್ತದೆ.

ಈಗ ಆ ದಿನದ ಕತೆ.

ನಡೆಯಲಾಗದ ರೋಗಿಗಳನ್ನು ಮನೆಯಿಂದ ಆಸ್ಪತ್ರೆಗೂ ಆಸ್ಪತ್ರೆಯಿಂದ ಮನೆಗೂ ಕರೆದೊಯ್ಯುವ ವ್ಯಾನ್ ಕಂಪನಿಯೊಂದಿತ್ತು. ಅಲ್ಲಿಯ ಫೋನ್ ಮೇಜಿಗೆ ಜನ ಬೇಕಾಗಿದ್ದರು. ಕರೆ ತೆಗೆದುಕೊಂಡು, ಯಾರನ್ನು ಎಲ್ಲಿಂದ ಎಲ್ಲಿಗೆ ಎಂದು ಪೇಜಿನಲ್ಲಿ ತುಂಬಿ, ಚಾಲಕನಿಗೆ ಕಳಿಸುವ ಕೆಲಸ. ಕಣ್ಣು ಹೋದ ಮೇಲೆ ಗಂಡ ತಟ್ಟಿದ ಮೂರನೆಯ ಬಾಗಿಲು ಅದು. ಮೊದಲೆರಡು ಕಡೆ ಕಾಫಿ ಕೊಟ್ಟು ಕಳಿಸಿದ್ದರು. ಇಲ್ಲಿಯ ಮೇಲ್ವಿಚಾರಕಿ, ಎಲ್ಲರೂ ಪಾಳಿ ಮೇಡಂ ಎನ್ನುವ ಬಿರುಸು ಮಾತಿನ ಹೆಂಗಸು, "ಒಂದು ದಿನ ಕೂತು ಕೆಲಸ ಮಾಡಿ ತೋರಿಸಿ. ಸಂಜೆ ಹೌದೋ ಅಲ್ವೋ ಹೇಳ್ತೀನಿ" ಎಂದಿದ್ದಳು. "ಇದೂ ಆಗದೆ ಹೋದ್ರೆ ಇನ್ನು ಯಾರ ಬಾಗಿಲಿಗೂ ಹೋಗಲ್ಲ" ಎಂದು ಗಂಡ ಮನೆಯಲ್ಲಿ ಮೆಲ್ಲಗೆ ಹೇಳಿದ್ದ. ಮೆಲ್ಲಗೆ ಹೇಳಿದ್ದರಿಂದಲೇ ಅವಳಿಗೆ ಹೆದರಿಕೆಯಾಗಿತ್ತು. ಜೋರಾಗಿ ಹೇಳಿದ್ದರೆ ನಾಳೆ ಮರೆಯುತ್ತಾರೆ ಎಂದುಕೊಳ್ಳಬಹುದಿತ್ತು.

ಆ ವ್ಯಾನ್ ಕಂಪನಿಯ ಪೇಜನ್ನು ಬರೆದುಕೊಟ್ಟದ್ದು ಕವರಕ್ಕನ ಆಫೀಸು. ಹೊಸ ರೂಪ ಕೊಡಬೇಕೆಂದಾಗ ಪೆಟ್ಟಿಗೆಗಳಿಗೆಲ್ಲ ಕವರು ಹಾಕಿದವಳು ಅವಳೇ. ಗಂಡ ಎರಡು ಷರತ್ತು ಹಾಕಿದ.

"ಒಂದು, ನಾನು ನಿನ್ನ ಗಂಡ ಅಂತ ಅಲ್ಲಿ ಯಾರಿಗೂ ಗೊತ್ತಾಗಬಾರದು. ಹೆಂಡ್ತಿ ಮಾಡಿದ ಪೇಜು, ಗಂಡನಿಗೆ ಸಿಕ್ಕಿದ ಕುರ್ಚಿ ಅಂತ ಆಗೋದು ಬೇಡ. ಇನ್ನೊಂದು, ಹೊಸ ಪೇಜನ್ನ ಈ ಸಲ ನಾನು ಮುಟ್ಟಿ ನೋಡಲ್ಲ."

"ಅದ್ಯಾಕ್ರೀ? ಪ್ರತೀ ಸಲ ನೋಡೋರು ನೀವೇ ತಾನೆ?"

"ಅಲ್ಲಿ ಕೂರೋ ಮಿಕ್ಕವರು ಮನೇಲಿ ನೋಡ್ಕೊಂಡು ಬಂದಿರ್ತಾರಾ? ಪ್ರಶ್ನೆಪತ್ರಿಕೆ ಮೊದಲೇ ನೋಡಿದ ಹಾಗಾಗುತ್ತೆ, ಬೇಡ."

ಮಾನವಂತರ ಜೊತೆ ಸಂಸಾರ ಮಾಡುವುದು ಸುಲಭವಲ್ಲ. ಅವಳು ಒಪ್ಪಿದಳು, ಆ ಭಾನುವಾರ ಲ್ಯಾಪ್‌ಟಾಪು ತೆರೆಯಲೇ ಇಲ್ಲ. ತಾನೇ ಒಬ್ಬಳು ಕೂತು ನೋಡಬಹುದಿತ್ತಲ್ಲ ಎಂದು ಯಾರಾದರೂ ಕೇಳಬಹುದು. ಅಷ್ಟು ವರ್ಷ ಅವನ ಕಿವಿಯ ಮೇಲೆ ಭಾರ ಹಾಕಿದವಳಿಗೆ ತನ್ನ ಕೈಯಿಂದ ಮೌಸು ಬಿಟ್ಟು ನೋಡುವ ಅಭ್ಯಾಸವೇ ಉಳಿದಿರಲಿಲ್ಲ.

ಪರೀಕ್ಷೆಯ ದಿನ ಬೆಳಿಗ್ಗೆ ಅವನು ಇಸ್ತ್ರಿ ಮಾಡಿದ ಷರಟು ಹಾಕಿಕೊಂಡು, ಕೋಲು ಮಡಿಚಿ ಚೀಲದಲ್ಲಿಟ್ಟುಕೊಂಡು, ಕಂಪನಿಯ ಗಾಡಿ ಹತ್ತಿ ಹೋದ. "ಫೋನ್ ಮಾಡಬೇಡ" ಎಂದ. ಕವರಕ್ಕ ಆಫೀಸಿಗೆ ಬಂದು ಕೂತಳು. ಬಟ್ಟೆ ಅಂಗಡಿಯ ಮೇಲಿನ ಮಹಡಿಯ ಉದ್ದನೆಯ ಕೋಣೆ, ಆರು ಮೇಜು, ಕಿಟಕಿಯ ಪಕ್ಕ ಮಾಲೀಕರ ಗಾಜಿನ ಗೂಡು. ಎದುರು ಮೇಜಿನಲ್ಲಿ ರೇಡಿಯೋ ಎಂದು ಕರೆಸಿಕೊಳ್ಳುವ ಸಹೋದ್ಯೋಗಿ. ಆ ಹೆಸರು ಯಾಕೆ ಬಂತೆಂದು ಅವನ ಹತ್ತಿರ ಒಂದು ಗಳಿಗೆ ಕೂತವರು ಕೇಳುವುದಿಲ್ಲ.

ಫೋನು ಬಂದದ್ದು ಊಟದ ಡಬ್ಬಿ ತೆರೆಯುವ ಹೊತ್ತಿಗೆ. ಎತ್ತಿದ್ದು ರೇಡಿಯೋ. ಆಗಲೇ ತಿನ್ನತೊಡಗಿದ್ದರಿಂದ ಕೈ ಎಂಜಲಾಗಿತ್ತೆಂದು ಎಲ್ಲರಿಗೂ ಕೇಳುವಂತೆ ಸ್ಪೀಕರಿಗೆ ಹಾಕಿದ. ಮಾತಾಡಿದ್ದು ಪಾಳಿ ಮೇಡಂ.

"ಹೊಸ ಪೇಜು ಚೆನ್ನಾಗಿದೆ ಅಂತ ಹೇಳೋಣ ಅಂತ ಮಾಡಿದೆ. ಹುಡುಗರೆಲ್ಲ ಹೊಂದಿಕೊಂಡಿದ್ದಾರೆ. ಒಬ್ಬರು ಕಣ್ಣು ಕಾಣದವರು ಇವತ್ತು ಪರೀಕ್ಷೆಗೆ ಕೂತಿದ್ದಾರೆ, ಅವರೊಬ್ಬರದೇ ತುಂಬ ನಿಧಾನ. ಒಂದೊಂದು ಕರೆಗೂ ಒಂದು ಯುಗ. ಪೇಜಲ್ಲಿ ಏನಾದ್ರೂ ತೊಂದರೆ ಇದೆಯಾ ಅಂತ ಅವರನ್ನೇ ಕೇಳಿದೆ. ಪೇಜು ಸರಿಯಾಗಿದೆ, ನನ್ನ ಕೈಯೇ ಇನ್ನೂ ಪಳಗಿಲ್ಲ ಅಂದ್ರು. ಹಾಗಾಗಿ ನಿಮ್ಮ ಕಡೆಯಿಂದ ಏನೂ ಮಾಡೋದು ಬೇಡ, ಸಂಜೆ ಅವರಿಗೆ ನಾನೇ ಹೇಳಿ ಕಳಿಸ್ತೀನಿ."

"ಸರಿ ಮೇಡಂ, ಥ್ಯಾಂಕ್ಸ್ ಮೇಡಂ" ಎಂದು ರೇಡಿಯೋ ಫೋನಿಟ್ಟ.

ಗಂಡನ ಕೈ ಪಳಗಿಲ್ಲವೆಂದರೆ ನಂಬುವವರನ್ನು ಬೇರೆಲ್ಲಾದರೂ ಹುಡುಕಬೇಕು. ಆ ಕೈ ಕೀಲಿಮಣೆಯ ಮೇಲೆ ಓಡುವುದನ್ನು ಕವರಕ್ಕ ಎಷ್ಟು ಭಾನುವಾರ ನೋಡಿಲ್ಲ. ಡಬ್ಬಿ ಮುಚ್ಚಿ, ಪೇಜು ತೆರೆದು, ಮೌಸನ್ನು ಡ್ರಾಯರಿಗೆ ಹಾಕಿದಳು. ಕರೆ ಬಂದ ಕೂಡಲೇ ಒತ್ತಬೇಕಾದ ಕೀಲಿಗಳನ್ನು ಒತ್ತಿದಳು. ಕರ್ಸರು 'ಎಲ್ಲಿಂದ' ಎಂಬ ಪೆಟ್ಟಿಗೆಗೆ ಹೋಗಬೇಕಿತ್ತು. ಹೋಗಲಿಲ್ಲ. ಇನ್ನೊಮ್ಮೆ ಒತ್ತಿದಳು. 'ಎಲ್ಲಿಗೆ' ಎಂಬ ಪೆಟ್ಟಿಗೆಗೆ ಕೊಟ್ಟ ಕೀಲಿಯನ್ನು ಒತ್ತಿದಳು. ಪೇಜು ಕಲ್ಲಿನಂತೆ ಕೂತಿತ್ತು. ಅವನು ಬೆಳಗಿನಿಂದ ಏನು ಮಾಡುತ್ತಿದ್ದಾನೆಂದು ಅವಳಿಗೆ ಆಗ ತಿಳಿಯಿತು. ಪೇಜಿನ ತಲೆಯಿಂದ ಒಂದೊಂದೇ ಕೊಂಡಿ, ಒಂದೊಂದೇ ಗುಂಡಿ ದಾಟಿಕೊಂಡು, ಎಲ್ಲವನ್ನೂ ಕಿವಿಯಲ್ಲಿ ಕೇಳಿಸಿಕೊಂಡು, ಪೆಟ್ಟಿಗೆಯನ್ನು ತಲುಪುತ್ತಿದ್ದಾನೆ. ಆಚೆ ತುದಿಯಲ್ಲಿ ಯಾರೋ ರೋಗಿ ಹಲೋ ಹಲೋ ಎನ್ನುತ್ತಿರುತ್ತಾರೆ. ಅವನ ಹಿಂದೆ ಪಾಳಿ ಮೇಡಂ ನಿಂತಿರುತ್ತಾಳೆ.

ಅವನಿಗೆ ಗೊತ್ತು. ಕೀಲಿ ಒತ್ತಿದರೆ ಮೂಕಾಗುವುದು ಹಿಡಿ ತಪ್ಪಿದ ಲಕ್ಷಣ ಎಂದು ಈ ಭೂಮಿಯ ಮೇಲೆ ಅವನಷ್ಟು ಸಲ ಹೇಳಿದವರು ಇನ್ನೊಬ್ಬರಿಲ್ಲ. ಗೊತ್ತಿದ್ದೂ ತನ್ನ ಕೈ ಸರಿಯಿಲ್ಲ ಎಂದಿದ್ದಾನೆ. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ಇಲ್ಲಿ ನೆಲ ನಿಜವಾಗಿಯೂ ಡೊಂಕು, ಕುಣಿಯಬಲ್ಲವನು ನನಗೇ ಬರುವುದಿಲ್ಲ ಎನ್ನುತ್ತಿದ್ದಾನೆ, ಯಾಕೆಂದರೆ ಆ ನೆಲ ಸಾರಿಸಿದವಳು ಹೆಂಡತಿ. ಅವಳಿಗೆ ಅವನ ಮೇಲೆ ಕೆಂಡದಂಥ ಸಿಟ್ಟು ಬಂತು. ಸಿಟ್ಟಿನ ಹಿಂದೆಯೇ ಅಳು ಬಂತು. ಎರಡನ್ನೂ ನುಂಗಿಕೊಂಡು ಎದ್ದಳು.

ಪೆಟ್ಟಿಗೆಗೆ ಇದ್ದದ್ದು ಎರಡು ಕವರು. ಒಳಗಿನದು ಅವಳದು, ಅಂಚು ಬಣ್ಣದ್ದು. ಅದರ ಹೊರಗೆ ರೇಡಿಯೋ ಇನ್ನೊಂದು ಹಾಕಿದ್ದ. ಎರಡಕ್ಷರ ಬರೆದರೆ ಆಸ್ಪತ್ರೆಗಳ ಹೆಸರುಗಳನ್ನು ಕೆಳಗೆ ಸಾಲಾಗಿ ಸೂಚಿಸುವ ಕವರು ಅದು. ಹಿಡಿ ಮೊದಲು ಅವನ ಕೈಗೆ ಬಂದು ಆಮೇಲೆ ಅವಳ ಕೈಗೆ ಬರಬೇಕು.

"ಏನಪ್ಪಾ ನೀನು, ಹಿಡೀನ ಒಳಗೆ ದಾಟಿಸಬೇಕು ಅಂತ ಎಷ್ಟು ಸಲ ಬಡ್ಕೊಂಡಿದೀನಿ ನಿನಗೆ? ಬಾಯಿ ಓಡೋ ಅರ್ಧ ತಲೆ ಓಡಬಾರದಾ?"

ರೇಡಿಯೋ ತನ್ನ ಪರದೆಯನ್ನು ಅವಳ ಕಡೆ ತಿರುಗಿಸಿದ. "ದಾಟಿಸಿದೀನಕ್ಕಾ. ನೋಡು, ಇಲ್ಲೇ ಇದೆ. ನೀನು ಹೇಳಿಕೊಟ್ಟ ಹಾಗೇ ಬರೆದಿದೀನಿ."

ದಾಟಿಸಿದ್ದ. ಅಚ್ಚುಕಟ್ಟಾಗಿ, ಅವಳು ಕಲಿಸಿದ ಹಾಗೆಯೇ. ಕವರಕ್ಕ ತನ್ನದನ್ನು ತೆರೆದು ನೋಡಿದಳು. ಅವಳೂ ಹಿಡಿಯನ್ನು ತೆಗೆದುಕೊಂಡಿದ್ದಳು, ಆದರೆ ಕಟ್ಟಿದ್ದು ಒಳಗಿನ ಪೆಟ್ಟಿಗೆಗಲ್ಲ, ಅದರ ಸುತ್ತಲಿನ ಚೌಕಟ್ಟಿಗೆ. ರೇಡಿಯೋನ ಪಟ್ಟಿ ಎಲ್ಲಿ ಇಳಿಬೀಳಬೇಕೆಂದು ಅಳೆಯಲು ಒಂದು ದಿನ ಚೌಕಟ್ಟಿಗೆ ಕಟ್ಟಿ ನೋಡಿದ್ದಳು, ವಾಪಸು ಒಳಗೆ ಕಟ್ಟುವುದನ್ನು ಮರೆತಿದ್ದಳು. ಹಿಡಿಯೇ ಕಳೆದುಹೋಗಿದ್ದರೆ ಕಂಪ್ಯೂಟರು ಕೆಂಪಕ್ಷರದಲ್ಲಿ ಗದರುತ್ತಿತ್ತು. ಇಲ್ಲಿ ಹಿಡಿಯ ತುದಿಯಲ್ಲಿ ಏನೋ ಒಂದು ಇತ್ತು. ಪೇಜು ಕೂಗುತ್ತಿತ್ತು, ಚೌಕಟ್ಟಿಗೆ ಕರ್ಸರನ್ನು ಕೂರಿಸಿಕೊಳ್ಳುವ ಶಕ್ತಿಯಿಲ್ಲದೆ ಅದು ತೆಪ್ಪಗಿರುತ್ತಿತ್ತು, ದೂರು ಹೇಳುವವರು ಯಾರೂ ಇರಲಿಲ್ಲ. ಕವರಿನ ಕಸುಬಿನವರಿಗೆ ಬಿಟ್ಟು ಬೇರೆಯವರಿಗೆ ಇಂಥ ತಪ್ಪು ಮಾಡಲು ಬರುವುದೂ ಇಲ್ಲ. ತನ್ನ ಎಲೆಯಲ್ಲಿ ಹೆಗ್ಗಣ ಬಿದ್ದಿದ್ದರೂ ಪಕ್ಕದ ಎಲೆಯ ನೊಣ ಓಡಿಸಲು ಹೋಗಿದ್ದಳು.

"ತಪ್ಪಾಯ್ತು ಕಣಪ್ಪಾ" ಎಂದಳು. ರೇಡಿಯೋ, "ಇರಲಿ ಬಿಡಕ್ಕಾ, ನಿನ್ನ ಮುಖ ಯಾಕೆ ಹೀಗಾಗಿದೆ?" ಎಂದ. ಅವಳು ಹಿಡಿಯನ್ನು ಚೌಕಟ್ಟಿನಿಂದ ಬಿಚ್ಚಿ ಒಳಗೆ ಕಟ್ಟಿದಳು. ಕೀಲಿ ಒತ್ತಿದಳು. ಕರ್ಸರು ಪೆಟ್ಟಿಗೆಯಲ್ಲಿ ಮಿಣಮಿಣ ಎಂದಿತು. ಅದು ಅವಳ ಕಂಪ್ಯೂಟರಿನಲ್ಲಿ. ಅಲ್ಲಿ, ಗಂಡನ ಮುಂದೆ, ಇನ್ನೂ ಹಾಗೇ ಇತ್ತು.

ಅಲ್ಲಿಗೆ ತಲುಪಿಸಲು ಮಾಲೀಕರ ಅಪ್ಪಣೆ ಬೇಕು. ಅವರು ಕೆಟ್ಟವರಲ್ಲ, ಅತಿ ಜಾಗ್ರತೆಯ ಮನುಷ್ಯ. ಬಿಸಿ ಹಾಲು ಕುಡಿದು ಬಾಯಿ ಸುಟ್ಟುಕೊಂಡವರು ಮಜ್ಜಿಗೆಯನ್ನೂ ಊದುತ್ತಾರಲ್ಲ, ಆ ಜಾತಿ. ಹಿಂದೊಮ್ಮೆ ನಡುಹಗಲು ಪೇಜು ಬದಲಿಸಲು ಹೋಗಿ ಗಿರಾಕಿಯ ಕೆಲಸ ನಿಂತು ಬೈಸಿಕೊಂಡಿದ್ದರು. ಅಂದಿನಿಂದ ಪಾಳಿ ನಡೆಯುವಾಗ ಯಾವ ಪೇಜನ್ನೂ ಯಾರೂ ಮುಟ್ಟಬಾರದು.

"ಸಂಜೆ ಪಾಳಿ ಮುಗಿದ ಮೇಲೆ ಹಾಕೋಣಮ್ಮಾ. ಓಡೋ ಗಾಡಿಯ ಚಕ್ರ ಬಿಚ್ಚಬಾರದು."

"ಸಂಜೆ ಹಾಕಿದ್ರೆ ಪ್ರಯೋಜನ ಇಲ್ಲ ಸರ್. ಪರೀಕ್ಷೆಗೆ ಕೂತಿರೋರನ್ನ ಸಂಜೆ ಕಳಿಸಿಬಿಡ್ತಾರೆ. ತಪ್ಪು ನಂದು ಸರ್, ಅವರದಲ್ಲ."

"ಅವರೇ ನನ್ನ ಕೈ ಪಳಗಿಲ್ಲ ಅಂದ್ರಂತಲ್ಲ. ಒಬ್ಬರಿಗೋಸ್ಕರ ಇಪ್ಪತ್ತು ಜನರ ಕೆಲಸ ನಿಂತುಹೋದ್ರೆ ಯಾರು ಉತ್ತರ ಹೇಳೋರು?"

ಅವಳು ಗಾಜಿನ ಗೂಡಿನ ಬಾಗಿಲು ಹಿಡಿದು ನಿಂತಳು. ಹೇಳಿದರೆ ಗಂಡನಿಗೆ ಕೊಟ್ಟ ಮಾತು ಹೋಗುತ್ತದೆ. ಹೇಳದಿದ್ದರೆ ಗಂಡನೇ ಹೋಗುತ್ತಾನೆ, ಮನೆಯೊಳಗೇ ಇದ್ದುಕೊಂಡು ಹೋಗುತ್ತಾನೆ. ಅಡಕತ್ತರಿಗೆ ಸಿಕ್ಕ ಅಡಕೆಯ ಹಾಗಾಯಿತು ಅವಳ ಪಾಡು.

"ಸರ್, ಅಲ್ಲಿ ಕೂತಿರೋರು ನಮ್ಮನೆಯವರು."

ಮಾಲೀಕರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಮೊದಲೇ ಹೇಳೋದಲ್ವೇನಮ್ಮಾ" ಎಂದರು. "ಒಂದು ಕೇಳ್ತೀನಿ, ಬೇಜಾರು ಮಾಡ್ಕೋಬೇಡ. ಬೇರೆ ಯಾರದೋ ಮನೆಯವರಾಗಿದ್ರೆ ನೀನು ಡಬ್ಬಿ ಮುಚ್ಚಿ ಎದ್ದು ಬರ್ತಿದ್ದೆಯಾ?"

ಕವರಕ್ಕನಿಗೆ ಕೆನ್ನೆಗೆ ಬಾರಿಸಿದಂತಾಯಿತು. ಬರುತ್ತಿದ್ದೆ ಎನ್ನಲು ಬಾಯಿ ತೆರೆದಳು, ಸುಳ್ಳು ಹೊರಗೆ ಬರಲಿಲ್ಲ. ಬೇರೆಯವರಾಗಿದ್ದರೆ ಆ ಫೋನನ್ನು ಅರ್ಧ ಕಿವಿಯಲ್ಲಿ ಕೇಳಿ, ಪಾಪ ಎಂದುಕೊಂಡು, ಊಟ ಮುಗಿಸುತ್ತಿದ್ದಳು. "ಗೊತ್ತಿಲ್ಲ ಸರ್" ಎಂದಳು.

ಮಾಲೀಕರು ಪಾಳಿ ಮೇಡಂಗೆ ಫೋನು ಹಚ್ಚಿದರು. ಪೇಜಿನಲ್ಲೊಂದು ತಪ್ಪಿದೆ, ಈಗಲೇ ಬದಲಿಸಬೇಕು, ಒಪ್ಪಿಗೆ ಕೊಡಿ ಎಂದು ವಿವರಿಸಿ, ಬರೆದವರೇ ಮಾತಾಡುತ್ತಾರೆ ಎಂದು ಫೋನನ್ನು ಅವಳ ಕೈಗಿತ್ತರು. ಕವರಕ್ಕ ಒಂದೂ ಮುಚ್ಚಿಡದೆ ಹೇಳಿದಳು. ಕೀಲಿ ಯಾಕೆ ಕೆಲಸ ಮಾಡುತ್ತಿಲ್ಲವೆಂದು, ತಪ್ಪು ತನ್ನದೆಂದು, ಪರೀಕ್ಷೆಗೆ ಕೂತವರು ತನ್ನ ಗಂಡನೆಂದು, ಅದನ್ನು ಹೇಳಬಾರದೆಂದು ಅವರೇ ತಾಕೀತು ಮಾಡಿದ್ದರೆಂದು.

ಆಚೆಯಿಂದ ಬಂದ ಪ್ರಶ್ನೆಗೆ ಅವಳು ತಯಾರಾಗಿರಲಿಲ್ಲ.

"ಇದು ಪೇಜಿನ ತಪ್ಪು ಅಂತ ಅವರಿಗೆ ಗೊತ್ತಿತ್ತಾ?"

ಗೊತ್ತಿರಲಿಲ್ಲ ಎಂದರೆ ಮುಗಿಯಿತು. ಪಾಪದ ಮನುಷ್ಯ, ಕೆಟ್ಟ ಪೇಜಿನಲ್ಲಿ ಒದ್ದಾಡಿದ, ಇನ್ನೊಂದು ಅವಕಾಶ ಕೊಡೋಣ ಎಂದಾಗುತ್ತದೆ. ಹೇಳಲು ಬಂದ ಆ ಮಾತನ್ನು ಕವರಕ್ಕ ಹಲ್ಲಿನಲ್ಲಿ ಕಚ್ಚಿ ಹಿಡಿದಳು. ಇಷ್ಟು ವರ್ಷ ಅವನನ್ನು ಪಾಪದ ಮನುಷ್ಯ ಮಾಡಿದವರೇ ಊರೆಲ್ಲ ತುಂಬಿದ್ದರು. ಅವಳೂ ಅವರ ಜೊತೆ ಸೇರಬೇಕೇ?

"ಗೊತ್ತಿತ್ತು ಮೇಡಂ. ನನಗಿಂತ ಚೆನ್ನಾಗಿ ಗೊತ್ತಿತ್ತು. ಮೊದಲನೇ ಕರೆಯಲ್ಲೇ ಗೊತ್ತಾಗಿರುತ್ತೆ."

ಫೋನಿನ ಆಚೆ ಯಾರೋ ಯಾರಿಗೋ ಗೇಟಿನ ನಂಬರು ಹೇಳುತ್ತಿದ್ದರು.

"ಹಾಗಾದ್ರೆ ಇದು ಕಣ್ಣಿನ ಮಾತಲ್ಲಮ್ಮಾ" ಎಂದಳು ಪಾಳಿ ಮೇಡಂ. "ನಿಧಾನ ಆದ್ರೆ ಕಲಿಸ್ಕೋಬಹುದು. ಆದ್ರೆ ನಾನು ಬಾಯಿಬಿಟ್ಟು ಕೇಳ್ದಾಗ ಸರಿಯಾಗಿದೆ ಅಂದ್ರು ನೋಡಿ, ಅದು ನನಗೆ ಬೇಡ. ಇಲ್ಲಿ ಒಬ್ಬರು ಮುಚ್ಚಿಟ್ರೆ ಅಲ್ಲೊಬ್ಬರು ಬಿಸಿಲಲ್ಲಿ ಗಾಲಿಕುರ್ಚಿ ಮೇಲೆ ಕಾಯ್ತಾ ಕೂತಿರ್ತಾರೆ. ನಿಮ್ಮ ಮೇಲಿನ ಪ್ರೀತಿಗೆ ಮುಚ್ಚಿಟ್ರು ಅಂತ ಆ ರೋಗಿಗೆ ನಾನು ಹೇಳೋಕಾಗುತ್ತಾ?"

"ಇಲ್ಲ ಮೇಡಂ."

"ನೀವು ಪೇಜು ಸರಿ ಮಾಡಿ. ಅವರ ಹತ್ರ ನಾನು ಮಾತಾಡ್ತೀನಿ."

ಫೋನು ಕಟ್ಟಾಯಿತು. ಉಪಕಾರ ಮಾಡಲು ಹೋಗಿ ಗಂಡನ ಕುರ್ಚಿಯನ್ನು ತಾನೇ ಎಳೆದು ಹಾಕಿದೆನೇ ಎಂದು ಅವಳಿಗೆ ದಿಗಿಲಾಯಿತು. ಮಾಲೀಕರು ಮಾತ್ರ ತಾವೇ ಎದ್ದು ಬಂದು, ಅವಳ ಕುರ್ಚಿಯ ಹಿಂದೆ ನಿಂತು, "ಹಾಕಮ್ಮಾ" ಎಂದರು. ಅವಳು ಹಾಕಿದಳು. ಬದಲಾದ ಪೇಜು ಅಲ್ಲಿಗೆ ತಲುಪಿತೆಂದು ಪರದೆಯ ಮೇಲೆ ಹಸಿರು ಗುರುತು ಬಂತು. ಇಪ್ಪತ್ತು ಜನರಲ್ಲಿ ಯಾರ ಕೆಲಸವೂ ನಿಲ್ಲಲಿಲ್ಲ.

ಆಮೇಲಿನ ಹೊತ್ತು ಹೇಗೆ ಕಳೆಯಿತೆಂದು ಅವಳನ್ನು ಕೇಳಬಾರದು. ಪಾಳಿ ಮೇಡಂ ಅವನ ಹತ್ತಿರ ಏನು ಮಾತಾಡಿರಬಹುದು? ಎಲ್ಲರ ಮುಂದೆ ಮಾತಾಡಿದಳೇ, ಪಕ್ಕಕ್ಕೆ ಕರೆದು ಮಾತಾಡಿದಳೇ? ಅವನು ಹೆಡ್‌ಫೋನು ತೆಗೆದಿಟ್ಟು, ಚೀಲದಿಂದ ಕೋಲು ತೆಗೆದು, ಬಿಡಿಸಿಕೊಂಡು ಹೊರಟೇಬಿಟ್ಟನೇ? ಮಾತು ತಪ್ಪಿದವಳ ಮುಖ ಅವನಿಗೆ ಕಾಣುವುದಿಲ್ಲ, ನಿಜ. ಆದರೆ ಬಾಗಿಲು ತೆರೆಯುವ ಸದ್ದಿನಿಂದಲೇ ಅವನು ಮುಖ ಓದುತ್ತಾನೆ. ರೇಡಿಯೋ ಎರಡು ಸಲ ಟೀ ತಂದಿಟ್ಟ, ಎರಡು ಸಲವೂ ಅದು ಆರಿಹೋಯಿತು. ಅವನು ಒಂದು ಮಾತೂ ಆಡಲಿಲ್ಲ, ಪುಣ್ಯಕ್ಕೆ.

ಬಿಸಿಲು ಕಿಟಕಿಯಿಂದ ಇಳಿದು ಹೋಗುವ ಹೊತ್ತಿಗೆ ಫೋನು ಬಂತು. ರೇಡಿಯೋ ಎತ್ತಿ ಕೇಳಿಸಿಕೊಂಡು, ಅದರ ಬಾಯಿಗೆ ಕೈ ಅಡ್ಡ ಹಿಡಿದು, "ವ್ಯಾನ್ ಕಂಪನಿಯ ಫೋನ್ ಮೇಜಂತೆ. ಪೇಜು ಬರೆದವರೇ ಬೇಕಂತೆ" ಎಂದ.

ಅವಳು ತೆಗೆದುಕೊಂಡು ಹಲೋ ಎಂದಳು.

"ಈ ಪೇಜು ಬರೆದಿರೋದು ನೀವೇನಾ?"

ಗಂಡನ ದನಿ. ಮದುವೆಯಾದಂದಿನಿಂದ ಅವನು ಅವಳನ್ನು ನೀವು ಎಂದದ್ದೇ ಇಲ್ಲ. ಹಿಂದೆ ಗದ್ದಲದ ಕೋಣೆ, ತೀರ ಹತ್ತಿರದಲ್ಲೇ ಯಾರೋ ನಿಂತು ಕೇಳುತ್ತಿರುವ ಹಾಗಿತ್ತು.

"ಹೌದು, ನಾನೇ" ಎಂದಳು.

"ನಿಮ್ಮ ಪೇಜಿನ ಮೇಲೆ ದೂರಿದೆ. ಬರ್ಕೊಳ್ಳಿ. ಬೆಳಿಗ್ಗೆಯಿಂದ ಕೀಲಿಗಳು ಪೆಟ್ಟಿಗೆಗೆ ಹೋಗ್ತಿರಲಿಲ್ಲ. ಬೆಳಿಗ್ಗೆನೇ ಹೇಳಬೇಕಾಗಿತ್ತು, ಹೇಳದೆ ಇದ್ದದ್ದು ನನ್ನ ತಪ್ಪು, ಅದನ್ನ ಇಲ್ಲಿ ಒಪ್ಕೊಂಡಿದೀನಿ. ಈಗ ಅದು ಸರಿಹೋಗಿದೆ. ಆದ್ರೆ ಇನ್ನೂ ಎರಡಿದೆ. ಆಸ್ಪತ್ರೆಗಳ ಪಟ್ಟಿ ಇಳಿಬಿದ್ದಾಗ ಬೇಡ ಅಂತ ಮುಚ್ಚಿದ್ರೆ ಕರ್ಸರ್ ವಾಪಸ್ ಪೆಟ್ಟಿಗೆಗೆ ಬರಲ್ಲ, ಪೇಜಿನ ತಲೆಗೆ ಹಾರ್ತದೆ. ಮತ್ತೆ ಮೊದಲಿಂದ ಇಳ್ಕೊಂಡು ಬರಬೇಕು. ಇನ್ನೊಂದು, ಕೊನೇಲಿರೋ ಒಂದು ಗುಂಡಿಗೆ ಹೆಸರೇ ಕೊಟ್ಟಿಲ್ಲ ನೀವು. ಬರೀ ಗುಂಡಿ, ಗುಂಡಿ ಅಂತ ಓದ್ತದೆ. ಒತ್ತಿದ್ರೆ ಗಾಡಿ ಹೊರಡುತ್ತೋ ರದ್ದಾಗುತ್ತೋ ದೇವರಿಗೇ ಗೊತ್ತು. ಒಂದು ಹೆಸರು ಕೊಡೋಕೆ ಎಷ್ಟು ಹೊತ್ತು ಬೇಕು ನಿಮಗೆ? ನೋಡಿದವರಿಗೆ ಚಂದ ಕಂಡ್ರೆ ಸಾಕಾ?"

ದನಿ ಏರುತ್ತ ಹೋಗಿತ್ತು. ಕವರಕ್ಕ ಬರೆದುಕೊಳ್ಳುತ್ತಿದ್ದಳು, ಅಕ್ಷರಗಳು ಕಣ್ಣೀರಿನಲ್ಲಿ ಕಲಸಿಹೋಗುತ್ತಿದ್ದವು. ಗಂಡ ಬೈದನೆಂದು ಇಷ್ಟು ಸಂತೋಷಪಟ್ಟ ಹೆಂಗಸನ್ನು ನಾನಂತೂ ಕಂಡಿಲ್ಲ. ರೇಡಿಯೋ ಏನೋ ಅನಾಹುತವಾಗಿದೆಯೆಂದು ಎದ್ದು ನಿಂತಿದ್ದ.

"ಬರ್ಕೊಂಡೆ. ಎರಡನ್ನೂ ಸರಿ ಮಾಡಿಕೊಡ್ತೀವಿ. ಮುಂದಿನ ವಾರ ಒಂದೆರಡು ದಿನದಲ್ಲಿ..."

"ಮುಂದಿನ ವಾರ ಆಗಲ್ಲ" ಎಂದ ಗಂಡ. "ಸೋಮವಾರ ಬೆಳಗಿನ ಪಾಳಿ ನಂದು. ಕೂರೋ ಅಷ್ಟರೊಳಗೆ ಆಗಿರಬೇಕು."

ಅವಳು ಆಯ್ತು ಎಂದಳು. ಅವನು ಫೋನಿಟ್ಟ. ಕವರಕ್ಕ ಸೆರಗಿನಿಂದ ಮುಖ ಒರೆಸಿಕೊಂಡು, ರೇಡಿಯೋಗೆ ಕುರ್ಚಿ ಎಳೆದುಕೊಂಡು ಈಚೆ ಬಾ ಎಂದಳು, ಇಬ್ಬರೂ ಆ ಹೆಸರಿಲ್ಲದ ಗುಂಡಿಯನ್ನು ಹುಡುಕತೊಡಗಿದರು.